ದಾಳದ ಪಾಲೆಷ್ಟು, ಆಟಗಾರನ ಪಾಲೆಷ್ಟು?

2021ರ ಮಳೆಗಾಲ ಶುರುವಾಗುವ ಹೊತ್ತಿಗೆ ಬಾಂಬೆ ಹೈಕೋರ್ಟಿನ ಮುಂದೆ ಲೂಡೊ ಬಂತು. ‘ಲೂಡೊ ಸುಪ್ರೀಮ್’ ಎಂಬ ಮೊಬೈಲ್ ಆಪ್‌ನಲ್ಲಿ ಹಣ ಕಟ್ಟಿ ಆಡುವುದು ಆಟವಲ್ಲ, ಜೂಜು. ಅದರ ಮೇಲೆ ಕ್ರಮ ಜರುಗಿಸಬೇಕು ಎಂದು ಕೋರಿದ ಅರ್ಜಿ ಅದು. ಅದಕ್ಕೂ ಮೊದಲು ಗಿರ್‌ಗಾಂವ್‌ನ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಈ ದೂರನ್ನು ಪುರಸ್ಕರಿಸಿರಲಿಲ್ಲ. ಅರ್ಜಿಯಲ್ಲಿದ್ದ ಲೆಕ್ಕ ಸರಳವಾಗಿತ್ತು. ನಾಲ್ವರು ತಲಾ 5 ರೂಪಾಯಿ ಕಟ್ಟುತ್ತಾರೆ. ಗೆದ್ದವರಿಗೆ 17 ರೂಪಾಯಿ. ಉಳಿದ 3 ರೂಪಾಯಿ ಆಪ್ ನಡೆಸುವವರಿಗೆ. ಲೂಡೊ ನಡೆಯುವುದು ದಾಳದ ಮೇಲೆ, ದಾಳ ಬೀಳುವುದು ಅದೃಷ್ಟದಂತೆ. ಹೀಗಿರುವಾಗ ಇದನ್ನು ಕೌಶಲದ ಆಟ ಎನ್ನುವುದು ಹೇಗೆ?

ವಿಡಿಯೊ ಗೇಮ್ ವಿನ್ಯಾಸ ಕಲಿಯಲು ಕೂತವರಿಗೆ ಬಲು ಬೇಗ ಎದುರಾಗುವ ಪ್ರಶ್ನೆಯೂ ಇದೇ. ಒಂದು ಆಟವನ್ನು ಬಿಚ್ಚಿ ನೋಡುವಾಗ ಬಣ್ಣ, ಚಿತ್ರ, ಸದ್ದು, ಕತೆಗಳನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಕೇಳಬೇಕಾದದ್ದು: ಇಲ್ಲಿ ಆಟಗಾರ ನಿರ್ಧರಿಸುವುದೇನು? ಅವನ ಕೈಯಲ್ಲಿಲ್ಲದ್ದು ಏನು? ಮುಂಬೈ ಈ ಪಾಠವನ್ನು ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ಬೀದಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ ಕಲಿಯಿತು. ಒಂದೂಕಾಲು ಶತಮಾನಕ್ಕೂ ಮೀರಿದ ಪಾಠ ಅದು. ಕಲಿಕೆಯ ಶುಲ್ಕವನ್ನು ಕಟ್ಟಿದವರು ಬಹುಪಾಲು ಸೋತವರು.

ಮೊದಲು ಗರ, ಆಮೇಲೆ ಆಯ್ಕೆ

ಲೂಡೊ ಇಲ್ಲಿನ ಆಟವೇ, ಹೊರಗಿನಿಂದ ಸುತ್ತಿಕೊಂಡು ಮರಳಿ ಬಂದದ್ದು. ಪಚೀಸಿ ಆಟವನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ ‘ಲೂಡೊ’ ಎಂದು 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡರು. ಕವಡೆಗಳ ಜಾಗಕ್ಕೆ ಆರು ಮುಖದ ದಾಳ ಬಂತು. ಪಚೀಸಿಯಲ್ಲಿ ಎದುರುಬದುರು ಕೂತ ಇಬ್ಬರು ಒಂದು ಪಕ್ಷ. ಒಬ್ಬರ ಕಾಯನ್ನು ಇನ್ನೊಬ್ಬರು ಕಾಯುವ ಲೆಕ್ಕಾಚಾರ ಇರುತ್ತಿತ್ತು. ಬಿದ್ದ ಗರ ಬೇಡವೆನಿಸಿದರೆ ಕಾಯಿ ನಡೆಸದೆ ಬಿಡುವ ಅವಕಾಶವೂ ಇತ್ತು. ಲೂಡೊ ಇವೆರಡನ್ನೂ ಕೈಬಿಟ್ಟಿತು. ಮಕ್ಕಳಿಗೆ ಕಲಿಸುವುದು ಸುಲಭವಾಯಿತು, ಆಟಗಾರ ನಿರ್ಧರಿಸಬೇಕಾದ ಸಂದರ್ಭಗಳು ಕಡಿಮೆಯಾದವು.

ಕರ್ನಾಟಕದ ಮನೆಗಳ ಚೌಕಾಬಾರ ಇದೇ ಕುಟುಂಬದ್ದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದೈದು ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮ ಎಷ್ಟೋ ಮನೆಗಳಲ್ಲಿದೆ. ವಿನ್ಯಾಸದ ಕಣ್ಣಿನಿಂದ ನೋಡಿದರೆ ಆ ಒಂದು ನಿಯಮ ಮಾಡುವ ಕೆಲಸ ದೊಡ್ಡದು. ಯಾರ ತಂಟೆಗೂ ಹೋಗದೆ ಕಟ್ಟೆಯಿಂದ ಕಟ್ಟೆಗೆ ನಡೆದು ಕಾಯಿ ಹಣ್ಣು ಮಾಡಿಕೊಳ್ಳುವ ಹಾದಿಯನ್ನು ಅದು ಮುಚ್ಚುತ್ತದೆ. ಎಲ್ಲರೂ ಅಪಾಯಕ್ಕೆ ಇಳಿಯಲೇಬೇಕು. ಯಾವಾಗ ಇಳಿಯಬೇಕು ಎಂಬುದು ಆಟಗಾರನ ಲೆಕ್ಕ.

ಈ ಆಟಗಳಲ್ಲೆಲ್ಲ ಒಂದು ಕ್ರಮವಿದೆ. ಮೊದಲು ಗರ ಬೀಳುತ್ತದೆ, ಆಮೇಲೆ ಯಾವ ಕಾಯಿ ನಡೆಸಬೇಕೆಂಬ ಆಯ್ಕೆ ಬರುತ್ತದೆ. ಅದೃಷ್ಟ ಸಮಸ್ಯೆಯನ್ನು ಮುಂದಿಡುತ್ತದೆ, ಆಟಗಾರ ಅದಕ್ಕೆ ಉತ್ತರ ಹುಡುಕುತ್ತಾನೆ. ಈ ಕ್ರಮ ತಿರುಗಿದರೆ, ಅಂದರೆ ಆಯ್ಕೆ ಮೊದಲಾಗಿ ಅದೃಷ್ಟ ಕೊನೆಗೆ ಬಂದರೆ, ಆಟದ ಸ್ವಭಾವವೇ ಬೇರೆ. ಅದೃಷ್ಟ ‘ಎಷ್ಟಿದೆ’ ಎನ್ನುವಷ್ಟೇ ಅದು ‘ಎಲ್ಲಿದೆ’ ಎನ್ನುವುದೂ ಮುಖ್ಯ. ಮುಂಬೈಯ ಇತಿಹಾಸದಲ್ಲಿ ಈ ವ್ಯತ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ.

ಮಳೆಯ ಮೇಲೆ ಪಣ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಾಂಬೆಯ ವ್ಯಾಪಾರಿ ಬೀದಿಗಳಲ್ಲಿ ಮಳೆ ಸಟ್ಟಾ ಜೋರಾಗಿತ್ತು. ಇಂತಿಷ್ಟು ಹೊತ್ತಿನೊಳಗೆ ಛಾವಣಿಯ ನೀರು ಮೋರಿಯಿಂದ ಹರಿದು ಬೀಳುವಷ್ಟು ಮಳೆಯಾಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಪಣ. ಬಾಂಬೆ ಜೂಜು ತಡೆ ಕಾಯ್ದೆ 1887ರಲ್ಲಿ ಬಂತು. ಆದರೆ ಆ ಕಾಯ್ದೆ ಎದುರಿಗಿಟ್ಟುಕೊಂಡಿದ್ದು ಇಸ್ಪೀಟು, ದಾಳಗಳಂಥ ಜೂಜಿನ ಸಲಕರಣೆಗಳನ್ನು. ಮೋಡವನ್ನು ಯಾವ ಪೊಲೀಸ್ ಜಪ್ತಿ ಮಾಡಲಾದೀತು? ಮಳೆಯ ಪಣ ಕಾಯ್ದೆಯ ಹಿಡಿತಕ್ಕೆ ಸಿಗದೆ ಜಾರಿತು. 1890ರಲ್ಲಿ ತಿದ್ದುಪಡಿ ತಂದು ಪಣ ಕಟ್ಟುವುದನ್ನೂ ಜೂಜಿನ ವ್ಯಾಖ್ಯೆಯೊಳಗೆ ಸೇರಿಸಬೇಕಾಯಿತು.

ಮಳೆ ಸಟ್ಟಾದಲ್ಲಿ ಜಾಣತನಕ್ಕೆ ಜಾಗವೇ ಇರಲಿಲ್ಲ ಎನ್ನುವಂತಿಲ್ಲ. ಗಾಳಿಯ ದಿಕ್ಕು, ಮೋಡದ ಬಣ್ಣ ನೋಡಿ ಅಂದಾಜು ಮಾಡುವುದೂ ಒಂದು ಬಗೆಯ ತಿಳಿವಳಿಕೆಯೇ. ಆದರೆ ಹಣ ಕಟ್ಟಿದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ, ಆಕಾಶ ನೋಡುತ್ತ ಕೂರುವುದೊಂದೇ. ಇಲ್ಲಿ ಆಯ್ಕೆ ಮೊದಲು, ಅದೃಷ್ಟ ಆಮೇಲೆ.

1887ರ ಕಾಯ್ದೆಯಲ್ಲಿ ಇನ್ನೊಂದು ಪುಟ್ಟ ಕಲಮು ಇತ್ತು. ಕೇವಲ ಕೌಶಲದ ಆಟಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ ಅದು. ಮುಂದಿನ ಎಲ್ಲ ಜಗಳಗಳೂ ಆ ಬಾಗಿಲಿನ ಬಳಿಯೇ ನಡೆದವು. ಕೌಶಲದ ಆಟವೆಂದು ಸಾಬೀತಾದರೆ ಒಳಗೆ ಮರ್ಯಾದಸ್ಥ ವ್ಯಾಪಾರ, ಆಗದಿದ್ದರೆ ಹೊರಗೆ ಅಪರಾಧ.

ಧನವೋ, ಜನವೋ

ಆ ಬಾಗಿಲನ್ನು ತಟ್ಟಿದ ದೊಡ್ಡ ಮೊಕದ್ದಮೆ ಪದಬಂಧದ್ದು. ಅದರ ಒಂದು ಕೊಂಡಿ ಬೆಂಗಳೂರಿನಲ್ಲಿತ್ತು. ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಸ್ಥಾಪಿಸಿದ ಕಂಪನಿ ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾಗಿತ್ತು. ಅದರ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ ಬಾಂಬೆ ರಾಜ್ಯದ ತುಂಬ ಓಡಾಡುತ್ತಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯೂ ಆಗ ಬಾಂಬೆ ರಾಜ್ಯವೇ. ಪತ್ರಿಕೆಯ ಪದಬಂಧಕ್ಕೆ ಪ್ರವೇಶ ಶುಲ್ಕವಿತ್ತು, ಬಹುಮಾನವಿತ್ತು. ಬಹುಮಾನ ಸ್ಪರ್ಧೆಗಳನ್ನು ಹತೋಟಿಗೆ ತಂದು ತೆರಿಗೆ ಹಾಕಲು ಬಾಂಬೆ ಸರ್ಕಾರ 1948ರಲ್ಲಿ ಕಾಯ್ದೆ ಮಾಡಿತ್ತು. ರಾಜ್ಯದ ಹೊರಗೆ ಅಚ್ಚಾಗುವ ಪತ್ರಿಕೆಗಳು ಅದರಿಂದ ತಪ್ಪಿಸಿಕೊಳ್ಳುತ್ತಿದ್ದವು. 1952ರ ತಿದ್ದುಪಡಿ ಆ ಸಂದನ್ನೂ ಮುಚ್ಚಿತು. ಬೇರೆ ಊರಿನ ಸರ್ವರ್‌ನಲ್ಲಿ ನಡೆಯುವ ಆಟವನ್ನು ಈ ಊರಿನ ಕಾನೂನು ಹಿಡಿಯಬಲ್ಲುದೇ ಎಂಬ ಇಂದಿನ ತಕರಾರಿನ ಹಳೆಯ ರೂಪ ಇದು.

ಪದಬಂಧ ಬಿಡಿಸುವುದು ಬುದ್ಧಿಯ ಕೆಲಸವಲ್ಲವೇ? ಹೌದು, ಸುಳಿವಿಗೆ ಒಂದೇ ಸರಿಯುತ್ತರ ಇದ್ದರೆ. ಈ ಸ್ಪರ್ಧೆಯ ಗುಟ್ಟು ಇದ್ದದ್ದು ಅಲ್ಲೇ. ಸುಳಿವಿಗೆ ಎರಡು ಪದಗಳು ಸರಿಸಮನಾಗಿ ಹೊಂದುವಂತಿರುತ್ತಿದ್ದವು. ಕನ್ನಡದಲ್ಲಿ ಉದಾಹರಣೆ ಕೊಡುವುದಾದರೆ, ‘ಕಷ್ಟಕಾಲದಲ್ಲಿ ಇದು ಬೇಕು’ ಎಂಬ ಸುಳಿವು, ಎರಡನೆಯ ಅಕ್ಷರ ‘ನ’. ಮೊದಲ ಅಕ್ಷರ ಯಾವುದು? ಧನವೂ ಆಗಬಹುದು, ಜನವೂ ಆಗಬಹುದು. ಸಂಪಾದಕರು ಮೊದಲೇ ಬರೆದು ಮೊಹರು ಮಾಡಿಟ್ಟ ಉತ್ತರಕ್ಕೆ ಹೊಂದಿದರೆ ಬಹುಮಾನ. ಇಂಥ ಹತ್ತು ಸುಳಿವು ಇದ್ದರೆ ಸಾಧ್ಯವಿರುವ ಉತ್ತರಪತ್ರಗಳು 1,024. ಭಾಷೆ ಚೆನ್ನಾಗಿ ಬಲ್ಲವರಿಗೂ ಬಾರದವರಿಗೂ ಇಲ್ಲಿ ಹೆಚ್ಚಿನ ಅಂತರವಿಲ್ಲ. ಹೊರಗೆ ಪದಬಂಧದ ವೇಷ, ಒಳಗೆ ಲಾಟರಿ.

1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಈ ಕುರಿತು ಎರಡು ತೀರ್ಪು ಕೊಟ್ಟಿತು. ಬಾಂಬೆ ಸರ್ಕಾರದ ಮೊಕದ್ದಮೆಯಲ್ಲಿ, ಜೂಜನ್ನು ಸಂವಿಧಾನ ಕಾಪಾಡುವ ವ್ಯಾಪಾರವೆಂದು ಒಪ್ಪಲಾಗದು ಎಂದಿತು. ಜೊತೆಯ ತೀರ್ಪಿನಲ್ಲಿ, ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿದ್ದರೆ ಆ ಸ್ಪರ್ಧೆ ಜೂಜಲ್ಲ, ಅದು ವ್ಯಾಪಾರವೇ ಎಂದಿತು. ಹೀಗೆ ಭಾರತದ ಆಟಗಳ ಕಾನೂನಿಗೆ ತಕ್ಕಡಿಯೊಂದು ಸಿಕ್ಕಿತು: ಒಂದು ತಟ್ಟೆಯಲ್ಲಿ ಅದೃಷ್ಟ, ಇನ್ನೊಂದರಲ್ಲಿ ಕೌಶಲ. 1968ರಲ್ಲಿ ರಮ್ಮಿಯನ್ನು ತೂಗಿ ನೋಡಿದಾಗ ಕೌಶಲದ ತಟ್ಟೆ ಕೆಳಗಿಳಿಯಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಎಸೆಯಬೇಕು ಎಂದು ಲೆಕ್ಕ ಹಾಕಬೇಕು ಎಂಬುದು ನ್ಯಾಯಾಲಯದ ಕಾರಣ. ಮೂರೆಲೆಯ ಆಟವನ್ನು ಅದು ಬರೀ ಅದೃಷ್ಟದ ಸಾಲಿಗೆ ಸೇರಿಸಿತು. ಚೌಕಾಬಾರದ ಕ್ರಮವೇ ರಮ್ಮಿಯಲ್ಲೂ ಇದೆ: ಎಲೆ ಮೊದಲು ಬರುತ್ತದೆ, ನಿರ್ಧಾರ ಆಮೇಲೆ.

ಹತ್ತಿಯಿಂದ ಮಟ್ಕಾಗೆ

ನ್ಯಾಯಾಲಯಗಳು ತಕ್ಕಡಿ ಹಿಡಿದಿದ್ದಾಗಲೇ, ಯಾವ ತಕ್ಕಡಿಯ ಹಂಗೂ ಇಲ್ಲದ ಆಟವೊಂದು ಮುಂಬೈಯ ಗಿರಣಿಗಳ ಸುತ್ತ ಬೆಳೆಯುತ್ತಿತ್ತು. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಿಂದ ಹತ್ತಿಯ ಆರಂಭದ ಧಾರಣೆ, ಮುಕ್ತಾಯದ ಧಾರಣೆ ತಂತಿಯ ಮೂಲಕ ಬಾಂಬೆಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ಧಾರಣೆ ನಿಂತಿತು. ಆಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ ಮಟ್ಕಾ ಶುರು ಮಾಡಿದರು. 1964ರಲ್ಲಿ ರತನ್ ಖತ್ರಿ ನಿಯಮಗಳನ್ನು ಸ್ವಲ್ಪ ಬದಲಿಸಿ ತಮ್ಮದೊಂದನ್ನು ತೆರೆದರು. ಮಡಕೆಯೊಳಗಿಂದ ಚೀಟಿ ಎತ್ತುತ್ತಿದ್ದುದರಿಂದ ಬಂದ ಹೆಸರು ಮಟ್ಕಾ. ಆಮೇಲೆ ಚೀಟಿಯ ಜಾಗಕ್ಕೆ ಇಸ್ಪೀಟು ಬಂದರೂ ಹೆಸರು ಉಳಿಯಿತು. ಮೂರು ಎಲೆ ಎತ್ತಿ, ಕೂಡಿ, ಮೊತ್ತದ ಕೊನೆಯ ಅಂಕಿ ಹಿಡಿಯುವುದು. ಒಮ್ಮೆ ‘ಓಪನ್’, ಇನ್ನೊಮ್ಮೆ ‘ಕ್ಲೋಸ್’. ಕರ್ನಾಟಕದ ಊರುಗಳಲ್ಲಿ ‘ಓಸಿ’ ಎನ್ನುವುದು ಈ ಎರಡು ಪದಗಳ ಮೊದಲಕ್ಷರಗಳನ್ನೇ.

ವಿನ್ಯಾಸವಾಗಿ ನೋಡಿದರೆ ಮಟ್ಕಾದ ಜಾಣತನ ಬೆರಗು ಹುಟ್ಟಿಸುತ್ತದೆ. ಓದು ಬಾರದವರಿಗೂ ಅರ್ಥವಾಗುವ ನಿಯಮ. ನಾಲ್ಕಾಣೆ ಎಂಟಾಣೆಗೂ ಪ್ರವೇಶ. ದಿನಕ್ಕೆ ಎರಡು ಸಲ ಫಲಿತಾಂಶ. ಓಪನ್ ಕೈಕೊಟ್ಟರೆ ಕ್ಲೋಸ್‌ಗೆ ಕಾಯುವ ಆಸೆ. ಕನಸಿನಲ್ಲಿ ಕಂಡದ್ದು, ಬಸ್ಸಿನ ನಂಬರು, ಸತ್ತವರ ವಯಸ್ಸು, ಏನು ಬೇಕಾದರೂ ಸುಳಿವಾಗಬಲ್ಲುದು. ಆಡುವವನಿಗೆ ತಾನು ಏನೋ ಲೆಕ್ಕ ಹಾಕುತ್ತಿದ್ದೇನೆ ಎನಿಸುತ್ತದೆ. ನಿಜವಾಗಿ ಲೆಕ್ಕ ಇದ್ದದ್ದು ಬುಕ್ಕಿಯ ಕಡೆ ಮಾತ್ರ. ಹತ್ತು ಅಂಕಿಗಳಲ್ಲಿ ಒಂದು ಬೀಳುವ ಸಾಧ್ಯತೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ಬಿದ್ದರೆ ಸಿಗುತ್ತಿದ್ದುದು ರೂಪಾಯಿಗೆ ಒಂಬತ್ತು. ಅಂದರೆ ಕಟ್ಟಿದ ಪ್ರತಿ ರೂಪಾಯಿಯಲ್ಲಿ ಸರಾಸರಿ ಹತ್ತು ಪೈಸೆ ನಡೆಸುವವನ ಪಾಲು. ಗಿರಣಗಾಂವ್‌ನ ಚಾಳುಗಳಲ್ಲಿ ಪಗಾರದ ದಿನದ ಆಸೆಯೆಲ್ಲ ಆ ಹತ್ತು ಪೈಸೆಗಳಲ್ಲಿ ಸೋರಿಹೋಗುತ್ತಿತ್ತು.

ಮಟ್ಕಾ ಬೆಳೆದದ್ದು ಇನ್ನೊಂದು ಬಂಡವಾಳದ ಮೇಲೆ: ನಂಬಿಕೆ. ಎಲೆ ಎತ್ತುವುದರಲ್ಲಿ ಮೋಸವಿಲ್ಲ ಎಂದು ಜನ ನಂಬಬೇಕಿತ್ತು. ಲೆಕ್ಕ ಎಷ್ಟೇ ಸರಿಯಿದ್ದರೂ ಆಟಗಾರನಿಗೆ ಅದು ಸರಿಯೆಂದು ಅನಿಸದಿದ್ದರೆ ಆಟ ಉಳಿಯದು. ಅರ್ಧ ಶತಮಾನದ ಮೇಲೆ ಇದೇ ಸಮಸ್ಯೆ ಮೊಬೈಲ್ ಪರದೆಯ ಮೇಲೆ ಎದ್ದಿತು.

ಪರದೆಯೊಳಗಿನ ದಾಳ

2016ರಲ್ಲಿ ನವಿ ಮುಂಬೈಯ ಗೇಮ್‌ಟಿಯನ್ ಎಂಬ ಸಣ್ಣ ಕಂಪನಿ ‘ಲೂಡೊ ಕಿಂಗ್’ ಬಿಡುಗಡೆ ಮಾಡಿತು. ಕಟ್ಟಿದವರು ವಿಕಾಶ್ ಜೈಸ್ವಾಲ್. ಇದರಲ್ಲಿ ಹಣದ ಪಣವಿಲ್ಲ. ಜಾಹೀರಾತು ನೋಡುತ್ತ ಪುಕ್ಕಟೆ ಆಡಬಹುದು. ಅಗ್ಗದ ಫೋನಿನಲ್ಲೂ ನಡೆಯುತ್ತದೆ. ಇಂಟರ್‌ನೆಟ್ ಇಲ್ಲದಾಗ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡಬಹುದು. 2020ರ ಮಾರ್ಚ್‌ನಲ್ಲಿ ದೇಶ ಬಾಗಿಲು ಹಾಕಿಕೊಂಡಾಗ ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಕೊಂಡ ಅಣ್ಣತಮ್ಮಂದಿರು, ಅಜ್ಜಿ ಮೊಮ್ಮಕ್ಕಳು ಒಂದೇ ಹಾಸಿನ ಸುತ್ತ ಕೂತರು. 50 ಕೋಟಿಗೂ ಹೆಚ್ಚು ಡೌನ್‌ಲೋಡ್ ಕಂಡ ಆಟವಾಯಿತು ಅದು.

ಎಲ್ಲ ಲೂಡೊ ಆಪ್‌ಗಳ ಬಗ್ಗೆಯೂ ಆಟಗಾರರ ದೂರು ಒಂದೇ: ‘ನನಗೆ ಮಾತ್ರ ಆರು ಬೀಳುವುದಿಲ್ಲ, ದಾಳದಲ್ಲಿ ಮೋಸವಿದೆ.’ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪ್ರಾಮಾಣಿಕ ದಾಳವನ್ನು ಹತ್ತು ಸಲ ಹಾಕಿದರೂ ಒಮ್ಮೆಯೂ ಆರು ಬೀಳದಿರುವ ಸಾಧ್ಯತೆ ಶೇ. 16. ನಾಲ್ವರು ಆಡುವಾಗ, ಅವರಲ್ಲಿ ಒಬ್ಬರಿಗಾದರೂ ಮೊದಲ ಹತ್ತು ಸರದಿಯಲ್ಲಿ ಆರು ಸಿಗದೇ ಇರುವ ಸಾಧ್ಯತೆ ಶೇ. 50ಕ್ಕೂ ತುಸು ಹೆಚ್ಚು. ಅಂದರೆ, ಕಾಯಿ ಹೊರಬರಲು ಆರೇ ಬೇಕೆಂಬ ನಿಯಮವಿದ್ದರೆ, ಎರಡರಲ್ಲಿ ಒಂದು ಆಟದಲ್ಲಿ ಯಾರಾದರೂ ಒಬ್ಬರು ಹತ್ತು ಸರದಿ ಬರೀ ಕೂತು ನೋಡುತ್ತಾರೆ. ಜಗಲಿಯ ಮೇಲೆ ಆಡುವಾಗ ಅದಕ್ಕೆ ‘ಇವತ್ತು ನನ್ನ ಗ್ರಹಚಾರ’ ಎನ್ನುತ್ತಿದ್ದವರು ಪರದೆಯ ಮುಂದೆ ಮೋಸ ಎನ್ನುತ್ತಾರೆ, ಏಕೆಂದರೆ ಈ ದಾಳವನ್ನು ಅವರು ಕೈಯಲ್ಲಿ ಕುಲುಕಿಲ್ಲ. ‘ಸಿವಿಲೈಸೇಶನ್’ ಆಟದ ವಿನ್ಯಾಸಕ ಸಿಡ್ ಮೈಯರ್ 2010ರ ಉಪನ್ಯಾಸವೊಂದರಲ್ಲಿ ಹೇಳಿದ ಅನುಭವವೂ ಇದೇ ಜಾತಿಯದು. ಮೂರಕ್ಕೆ ಒಂದರಂತೆ ಗೆಲುವಿನ ಸಾಧ್ಯತೆ ಇರುವಾಗ ಸೋತರೆ ಆಟಗಾರರು ಅದನ್ನು ಒಪ್ಪುತ್ತಲೇ ಇರಲಿಲ್ಲವಂತೆ. ಆಗ ವಿನ್ಯಾಸಕನ ಮುಂದೆ ಎರಡು ದಾರಿ: ದಾಳವನ್ನು ಗುಟ್ಟಾಗಿ ತಿದ್ದುವುದು, ಇಲ್ಲವೇ ನಿಯಮವನ್ನು ಬಹಿರಂಗವಾಗಿ ಬದಲಿಸುವುದು. ಉದಾಹರಣೆಗೆ, ಒಂದು ಕಾಯಿ ಮೊದಲೇ ಹೊರಗಿರಲಿ ಎಂದರೆ ಆರಕ್ಕಾಗಿ ಕಾಯುವ ಬೇಸರ ಹೋಗುತ್ತದೆ, ದಾಳ ಶುದ್ಧವಾಗಿಯೇ ಉಳಿಯುತ್ತದೆ.

ಹಣ ಕಟ್ಟಿಸಿಕೊಳ್ಳುವ ಲೂಡೊಗಳು ನಿಯಮವನ್ನು ಬದಲಿಸಿದವು, ಕಾರಣ ಮಾತ್ರ ಬೇರೆ. ಕಾಲಮಿತಿ ಬಂತು, ನಡೆಸಿದ ಪ್ರತಿ ಮನೆಗೂ ಅಂಕ ಬಂತು. ಮುಂದೆ ಬೀಳುವ ಗರಗಳನ್ನು ಮೊದಲೇ ತೋರಿಸಿ, ಇಷ್ಟೇ ನಡೆಗಳೊಳಗೆ ಯೋಚಿಸಿ ಆಡಿ ಎನ್ನುವ ರೂಪಗಳೂ ಬಂದವು. ಅದೃಷ್ಟವನ್ನು ಆದಷ್ಟು ಮುಂದಕ್ಕೆ ತಳ್ಳಿ ಆಯ್ಕೆಯನ್ನು ಹಿಗ್ಗಿಸುವ ತಂತ್ರ ಇದು. ಆಟ ಹೆಚ್ಚು ರುಚಿಸಲಿ ಎಂಬುದರ ಜೊತೆಗೆ ಕೌಶಲದ ತಟ್ಟೆ ಕೆಳಗಿಳಿಯಲಿ ಎಂಬುದೂ ಉದ್ದೇಶ. 1957ರ ತೀರ್ಪು ವಿನ್ಯಾಸಕನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿತ್ತು.

ತಕ್ಕಡಿಗೆ ಸಿಗದ್ದು

ಆದರೆ ತಕ್ಕಡಿಯ ಹೋಲಿಕೆಯಲ್ಲೇ ಒಂದು ತೊಡಕಿದೆ. 1993ರ ‘ಮ್ಯಾಜಿಕ್: ದ ಗ್ಯಾದರಿಂಗ್’ ಇಸ್ಪೀಟು ಆಟವನ್ನು ಕಟ್ಟಿದ ರಿಚರ್ಡ್ ಗಾರ್ಫೀಲ್ಡ್ ಅದನ್ನು ಒಂದು ತಮಾಷೆಯ ಉದಾಹರಣೆಯಿಂದ ತೋರಿಸುತ್ತಾರೆ. ಇಬ್ಬರು ಚದುರಂಗ ಆಡಲಿ. ಮುಗಿದ ಮೇಲೆ ಒಂದು ದಾಳ ಹಾಕಲಿ. ಒಂದು ಬಿದ್ದರೆ ಸೋತವನೇ ಗೆದ್ದ ಎಂದಾಗಲಿ. ಈ ಆಟದಲ್ಲಿ ಕೌಶಲ ಚದುರಂಗಕ್ಕಿಂತ ಕಡಿಮೆಯೇ? ಇಲ್ಲ, ಅಷ್ಟೇ ಇದೆ. ಅದರ ಜೊತೆಗೆ ಅದೃಷ್ಟವೂ ಸೇರಿದೆ. ಎಂದರೆ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕಿಲ್ಲ. ಎರಡೂ ತುಂಬಿರುವ ಆಟ ಇರಬಹುದು, ಎರಡೂ ಇಲ್ಲದ್ದೂ ಇರಬಹುದು. ಆಡುವ ಸಂಖ್ಯೆಯೂ ಫಲವನ್ನು ಬದಲಿಸುತ್ತದೆ. ಒಂದು ಆಟದಲ್ಲಿ ಎಳಸು ಆಟಗಾರ ಪಳಗಿದವನನ್ನು ಸೋಲಿಸಬಹುದು, ನೂರು ಆಟಗಳ ಮೊತ್ತದಲ್ಲಿ ಅದು ಕಷ್ಟ.

ಮುಂಬೈಯಲ್ಲೇ 2008ರಲ್ಲಿ ಹುಟ್ಟಿದ ಡ್ರೀಮ್11 ಇದಕ್ಕೆ ಒಳ್ಳೆಯ ಪಾಠ. 100 ಅಂಕಗಳ ಮಿತಿಯೊಳಗೆ ಹನ್ನೊಂದು ಮಂದಿ ಕ್ರಿಕೆಟ್ ಆಟಗಾರರನ್ನು ಆರಿಸಬೇಕಿತ್ತು; ನಾಯಕನಿಗೆ ಎರಡು ಪಟ್ಟು ಅಂಕ, ಉಪನಾಯಕನಿಗೆ ಒಂದೂವರೆ ಪಟ್ಟು. ಪಂದ್ಯ ಶುರುವಾದ ಮೇಲೆ ಮಳೆ ಸಟ್ಟಾದವನಂತೆ ಕೂತು ನೋಡುವುದಷ್ಟೆ. ಆದರೆ ಆರಿಸುವ ಮೊದಲು ಪಿಚ್, ಫಾರ್ಮು, ಎದುರಾಳಿ ಎಲ್ಲವನ್ನೂ ಓದಿಕೊಂಡವನು ದೀರ್ಘಕಾಲದಲ್ಲಿ ಮುಂದಿರುತ್ತಾನೆ. 2019ರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಕೌಶಲದ ಆಟವೆಂದು ಒಪ್ಪಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕೌಶಲದ ಆಟವನ್ನು ಜೂಜಿನ ಜೊತೆ ಕಟ್ಟಿಹಾಕಲಾಗದು ಎಂಬುದೇ ಅಲ್ಲಿಯೂ ಕಾರಣ.

1957ರ ತೀರ್ಪಿನಲ್ಲಿ ನ್ಯಾಯಾಲಯ ಜೂಜಿನ ಕೆಡುಕಿಗೆ ಮಹಾಭಾರತದ ಉದಾಹರಣೆ ಕೊಟ್ಟಿತ್ತು. ಆ ಉದಾಹರಣೆಯನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬಹುದು. ಹಸ್ತಿನಾವತಿಯ ಸಭೆಯಲ್ಲಿ ಕೌಶಲ ಇರಲಿಲ್ಲವೇ? ಇತ್ತು, ಶಕುನಿಯ ಕಡೆ ಇತ್ತು. ಧರ್ಮರಾಯ ರಾಜ್ಯ ಕಳೆದುಕೊಂಡದ್ದು ಎದುರಾಳಿ ಪಳಗಿದವನಾಗಿದ್ದರಿಂದ, ಮತ್ತು ನಿಲ್ಲಿಸಲು ತನಗೆ ಆಗದಿದ್ದರಿಂದ. ಆಟ ಕೌಶಲದ್ದಾದ ಮಾತ್ರಕ್ಕೆ ಸೋಲುವವರ ಮನೆ ಉಳಿಯುವುದಿಲ್ಲ. ಪಳಗಿದ ಕೆಲವರು, ಎಳಸು ಸಾವಿರಾರು ಮಂದಿ ಒಂದೇ ಹಾಸಿಗೆ ಕೂತಾಗ ಕೌಶಲವೇ ಹಣವನ್ನು ಒಂದು ಕಡೆಗೆ ಹರಿಸುವ ಮೋರಿಯಾಗುತ್ತದೆ.

ಈಗ ಮೊದಲಿನ 17 ರೂಪಾಯಿಗೆ ಮರಳಬಹುದು. ನಾಲ್ವರೂ ಸಮಬಲದವರು ಎಂದುಕೊಂಡರೆ, ಒಬ್ಬೊಬ್ಬರಿಗೆ ಸರಾಸರಿ ಮರಳುವುದು 4 ರೂಪಾಯಿ 25 ಪೈಸೆ. ಕಟ್ಟಿದ 5 ರೂಪಾಯಿಯಲ್ಲಿ 75 ಪೈಸೆ ಪ್ರತಿ ಆಟಕ್ಕೂ ಹೋಯಿತು; ನೂರಕ್ಕೆ 15. ಮಟ್ಕಾ ಬುಕ್ಕಿ ಹಿಡಿಯುತ್ತಿದ್ದುದು ನೂರಕ್ಕೆ 10. ಮಟ್ಕಾ ದಿನಕ್ಕೆ ಎರಡು ಸಲ, ಫೋನಿನ ಆಟ ಹತ್ತು ನಿಮಿಷಕ್ಕೊಂದು. ದಾಳದ ಪಾಲೆಷ್ಟು, ಆಟಗಾರನ ಪಾಲೆಷ್ಟು ಎಂದು ವಾದಿಸುತ್ತಿದ್ದವರ ನಡುವೆ ಮೂರನೆಯ ಪಾಲು, ಆಡಿಸುವವರ ಪಾಲು, ಸದ್ದಿಲ್ಲದೆ ಕೂತಿತ್ತು.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು; 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಅದು ಬದಿಗಿಟ್ಟಿತು. ಗೆದ್ದರೆ ಹಣ ಬರುತ್ತದೆಂಬ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟವಾದರೆ ನಿಷಿದ್ಧ. ಪಣವಿಲ್ಲದ ಆಟಗಳಿಗೂ ಇ-ಸ್ಪೋರ್ಟ್ಸ್‌ಗೂ ಉತ್ತೇಜನ. ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಕೌಶಲವನ್ನು ನಂಬಿ ವ್ಯಾಪಾರ ಕಟ್ಟಿದವರಿಗೂ ಅಲ್ಲಿ ಸಂಬಳಕ್ಕಿದ್ದವರಿಗೂ ಇದು ನೆಲ ಕುಸಿದಂತೆ. ಸಾಲದಲ್ಲಿ ಮುಳುಗಿದ ಮನೆಗಳಿಗೆ ತಡವಾಗಿ ಬಂದ ಆಸರೆ.

ಅದಕ್ಕೂ ಒಂದು ತಿಂಗಳ ಹಿಂದೆ, ಜುಲೈನಲ್ಲಿ, ಮುಂಬೈಯ ಪೆಡ್ಡರ್ ರಸ್ತೆಯ ಎನ್‌ಎಫ್‌ಡಿಸಿ ಆವರಣದಲ್ಲಿ ಭಾರತೀಯ ಸೃಜನಾತ್ಮಕ ತಂತ್ರಜ್ಞಾನ ಸಂಸ್ಥೆ ಬಾಗಿಲು ತೆರೆದಿತ್ತು. ಆನಿಮೇಶನ್, ವಿಎಫ್‌ಎಕ್ಸ್ ಜೊತೆಗೆ ಗೇಮಿಂಗ್ ಕಲಿಸುವುದೂ ಅದರ ಉದ್ದೇಶ. ಆಟದ ವಿನ್ಯಾಸ ಕಲಿಸುವಲ್ಲೆಲ್ಲ ಕೊಡುವ ಹಳೆಯ ಅಭ್ಯಾಸ ಒಂದಿದೆ: ಎಲ್ಲರಿಗೂ ಗೊತ್ತಿರುವ ಆಟವೊಂದನ್ನು ತೆಗೆದುಕೊಳ್ಳಿ, ಒಂದೇ ಒಂದು ನಿಯಮ ಬದಲಿಸಿ, ಆಡಿ ನೋಡಿ, ಏನಾಯಿತೆಂದು ಬರೆಯಿರಿ. ಅದಕ್ಕೆ ಲೂಡೊಗಿಂತ ಒಳ್ಳೆಯ ಹಾಸು ಸಿಗಲಿಕ್ಕಿಲ್ಲ. ಎರಡು ದಾಳ ಹಾಕಿ ಬೇಕಾದ್ದನ್ನು ಆರಿಸಿಕೊಳ್ಳಲಿ ಎನ್ನಬಹುದು. ಪಚೀಸಿಯಂತೆ ಎದುರು ಕೂತವರನ್ನು ಜೊತೆಗಾರರನ್ನಾಗಿ ಮಾಡಬಹುದು. ಕಡಿಯದವರಿಗೆ ಒಳಮನೆಯಿಲ್ಲ ಎಂಬ ಚೌಕಾಬಾರದ ನಿಯಮ ತರಬಹುದು. ಒಂದೊಂದು ಬದಲಾವಣೆಗೂ ದಾಳದ ಪಾಲು, ಆಟಗಾರನ ಪಾಲು ಅದಲುಬದಲಾಗುವುದು ಕಣ್ಣಿಗೆ ಕಾಣುತ್ತದೆ. ಸೋತರೆ ಹೋಗುವುದು ಒಂದು ಆಟ, ಮನೆಯಲ್ಲ. ಆರು ಬೀಳದವನು ಗೊಣಗುತ್ತ ಇನ್ನೊಂದು ಆಟಕ್ಕೆ ಕೂರುತ್ತಾನೆ.